ಹಳೆ ಪೆಟ್ರೋಲ್ ಜೀಪಿನ ಜೀರ್ಣೋದ್ಧಾರ: ಕಡಿಮೆ ದುಡ್ಡಿನಲ್ಲಿ, ಮೊದಲ ಸಲ ಕೈಹಾಕುವವರಿಗೆ

ಈ ಟಿಪ್ಪಣಿಯಲ್ಲಿ ತೆಗೆದುಕೊಂಡಿರುವ ಗಾಡಿ ಸಿಜೆ-3ಬಿ. ವಿಲ್ಲೀಸ್ ಕಂಪನಿಯ ವಿನ್ಯಾಸ, ಮಹೀಂದ್ರದವರು ನಮ್ಮಲ್ಲಿ ದಶಕಗಟ್ಟಲೆ ತಯಾರಿಸಿದ್ದು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟಗಳಲ್ಲಿ ಗೊಬ್ಬರ, ಮೂಟೆ, ಆಳುಗಳನ್ನು ಹೊತ್ತ ಎತ್ತರದ ಬಾನೆಟ್ಟಿನ ಜೀಪು ಇದೇ. ಬಾನೆಟ್ ಎತ್ತರ ಯಾಕೆಂದರೆ ಒಳಗಿನ ಹರಿಕೇನ್ ಎಂಜಿನ್ನೇ ಎತ್ತರ: ಇನ್‌ಲೆಟ್ ವಾಲ್ವ್ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ. ನಾಲ್ಕು ಸಿಲಿಂಡರ್, 2199 ಸಿಸಿ. ಅಮೆರಿಕದ ಹಳೆಯ ವಿಲ್ಲೀಸ್ ಪಿಕಪ್ಪಿಗೂ 1950ರಿಂದ ಇದೇ ಎಂಜಿನ್ ಹಾಕುತ್ತಿದ್ದರು. ಹಾಗಾಗಿ ಅಲ್ಲಿ ಆ ಪಿಕಪ್ ಇಟ್ಟುಕೊಂಡಿರುವ ಕನ್ನಡಿಗರಿಗೂ ಕೆಳಗಿನ ಎಂಜಿನ್ ಲೆಕ್ಕಗಳು ಉಪಯೋಗಕ್ಕೆ ಬರುತ್ತವೆ.

ಹೊಸಬರ ಬಜೆಟ್ ಹಾಳಾಗುವುದು ಪಾರ್ಟ್ಸ್ ಬೆಲೆಯಿಂದಲ್ಲ, ಕೆಲಸದ ಕ್ರಮ ತಪ್ಪಿದ್ದರಿಂದ. ಮೊದಲ ವಾರವೇ ಗಾಡಿಯನ್ನು ಪೂರ್ತಿ ಬಿಚ್ಚಿ ಹರಡುತ್ತಾರೆ. ಆರು ತಿಂಗಳಿಗೆ ಯಾವ ಬೋಲ್ಟು ಎಲ್ಲಿಯದೆಂದು ನೆನಪಿರುವುದಿಲ್ಲ. ಇಲ್ಲವೇ ಮೊದಲು ಬಣ್ಣ ಹೊಡೆಸಿ, ಆಮೇಲೆ ಬ್ರೇಕ್ ಪೈಪು ಹಾಕಲು ಹೋಗಿ, ಬ್ರೇಕ್ ಆಯಿಲ್ ಚೆಲ್ಲಿ ಆ ಬಣ್ಣವನ್ನೇ ಸುಡುತ್ತಾರೆ. ಕ್ರಮ ಹೀಗಿರಲಿ: ಕಾಗದಪತ್ರ, ಚಾಸಿ, ಬ್ರೇಕು ಮತ್ತು ಸ್ಟೀರಿಂಗ್, ಎಂಜಿನ್, ವೈರಿಂಗ್, ಬಾಡಿ, ಕೊನೆಗೆ ಬಣ್ಣ. ಒಂದು ಸಲಕ್ಕೆ ಒಂದೇ ಭಾಗ ಬಿಚ್ಚಿ, ಅದನ್ನು ಮುಗಿಸಿ ಜೋಡಿಸಿದ ಮೇಲೆಯೇ ಮುಂದಿನದಕ್ಕೆ ಹೋಗಿ. ಗಾಡಿ ಯಾವಾಗಲೂ ತನ್ನ ನಾಲ್ಕು ಚಕ್ರದ ಮೇಲೆ ತಳ್ಳಿಕೊಂಡು ಹೋಗುವಂತಿರಬೇಕು.

ಕೊಳ್ಳುವ ಮುನ್ನ

ಆರ್‌ಸಿಯಲ್ಲಿರುವ ಚಾಸಿ ನಂಬರನ್ನೂ ಎಂಜಿನ್ ನಂಬರನ್ನೂ ಗಾಡಿಯ ಮೇಲಿನ ನಂಬರಿನೊಂದಿಗೆ ಅಕ್ಷರ ಬಿಡದೆ ತಾಳೆ ನೋಡಿ. ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸುವುದು ನಮ್ಮಲ್ಲಿ ಬಹಳ ಕಾಲದ ರೂಢಿ. ಆರ್‌ಸಿಯಲ್ಲಿ ಇಂಧನ ಪೆಟ್ರೋಲ್ ಎಂದಿದ್ದು ಬಾನೆಟ್ಟಿನಡಿ ಡೀಸೆಲ್ ಎಂಜಿನ್ ಇದ್ದರೆ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡಾಗುತ್ತದೆ. ನವೀಕರಣಕ್ಕೆ ಹೋದಾಗ ಅಲ್ಲೇ ನಿಲ್ಲುತ್ತದೆ. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಆ ನೋಂದಣಿಯ ಗಾಡಿಯನ್ನು ದಿನಬಳಕೆಗಾಗಲಿ ಬಾಡಿಗೆಗಾಗಲಿ ಓಡಿಸುವಂತಿಲ್ಲ. ತೋಟದ ಕೆಲಸಕ್ಕೇ ಬೇಕೆನ್ನುವವರು ಮಾಮೂಲಿ ಆರ್‌ಸಿಯನ್ನೇ ನವೀಕರಿಸಿಕೊಳ್ಳಲಿ.

ತುಕ್ಕಿನ ವಿಚಾರದಲ್ಲಿ ಗಾಡಿ ಬದುಕಿದ ಊರು ಮುಖ್ಯ. ಕರಾವಳಿಯ ಉಪ್ಪುಗಾಳಿಯಲ್ಲಿ ನಿಂತದ್ದಕ್ಕಿಂತ, ಮಲೆನಾಡಿನ ಮಳೆಯಲ್ಲಿ ನೆನೆದದ್ದಕ್ಕಿಂತ, ಬಳ್ಳಾರಿ, ಚಿತ್ರದುರ್ಗದ ಕಡೆಯ ಒಣ ಸೀಮೆಯ ಗಾಡಿಯ ತಗಡು ಸಾಮಾನ್ಯವಾಗಿ ಮೇಲು. ನೋಡಲು ಹೋಗುವಾಗ ಒಂದು ಸ್ಕ್ರೂಡ್ರೈವರ್, ಒಂದು ಸಣ್ಣ ಅಯಸ್ಕಾಂತ ಜೇಬಿನಲ್ಲಿರಲಿ. ಮ್ಯಾಟ್ ಎತ್ತಿ ಕಾಲಿಡುವ ತಗಡನ್ನೂ, ಅದರ ಅಡಿಗೆ ಅಡ್ಡಡ್ಡ ಬರುವ ಆಧಾರಪಟ್ಟಿಗಳನ್ನೂ, ಬಾಡಿ ಚಾಸಿಗೆ ಕೂರುವ ಬೋಲ್ಟಿನ ಸುತ್ತಲನ್ನೂ ಸ್ಕ್ರೂಡ್ರೈವರಿನಿಂದ ಒತ್ತಿ. ಅಯಸ್ಕಾಂತ ಕಚ್ಚದ ಕಡೆ ಬಣ್ಣದಡಿ ದಪ್ಪ ಪುಟ್ಟಿ ತುಂಬಿದೆ. ನೆಲದ ತಗಡು ತೂತಾಗಿದ್ದರೆ ಹೆದರಬೇಡಿ, ಅದು ಬದಲಾಯಿಸುವ ವಸ್ತು. ಸ್ಪ್ರಿಂಗ್ ಪ್ಲೇಟು ಕೂರುವ ಬ್ರಾಕೆಟ್ಟಿನ ಹತ್ತಿರ ಚಾಸಿಯೇ ಬಿರುಕು ಬಿಟ್ಟಿದ್ದರೆ ಮಾತ್ರ ಆ ಗಾಡಿ ಬಿಟ್ಟುಬಿಡಿ.

ಪಾನಾ, ಬೋಲ್ಟು, ತುಕ್ಕು

ಈ ಜೀಪಿನ ಬೋಲ್ಟುಗಳು ಇಂಚಿನವು. 1/2 ಇಂಚು ಅಂದರೆ 12.7 ಮಿ.ಮೀ.; 13ರ ಪಾನಾ ಸಡಿಲವಾಗಿ ಕೂತು ಮೂಲೆ ಸವೆಸುತ್ತದೆ. 9/16 ಅಂದರೆ 14.3, ಅದಕ್ಕೆ 14 ಹಿಡಿಸುವುದಿಲ್ಲ, 15 ತಿರುಗುತ್ತದೆ. 3/4ಕ್ಕೆ 19ರದ್ದು ನಡೆಯುತ್ತದೆ, ಬೇರೆಯವಕ್ಕೆ ಹೊಂದಿಸಲು ಹೋಗಬೇಡಿ. 7/16ರಿಂದ 3/4ರವರೆಗಿನ ಇಂಚಿನ ರಿಂಗ್ ಪಾನಾ ಸೆಟ್ ಒಂದು, ಎಷ್ಟು ಬಿಗಿದಿದೆ ಎಂದು ತೋರಿಸುವ ಟಾರ್ಕ್ ರೆಂಚ್ ಒಂದು, ಸಣ್ಣ ಸಂದು ಅಳೆಯುವ ಫೀಲರ್ ಗೇಜ್ ಒಂದು, ಜೀಪಿನ ತೂಕ ತಡೆಯುವ ನಾಲ್ಕು ಸ್ಟ್ಯಾಂಡ್. ಉಪಕರಣಕ್ಕೆ ಮಾಡುವ ಮೊದಲ ಖರ್ಚು ಇಷ್ಟೇ. ಜಾಕಿಯೊಂದನ್ನೇ ನಂಬಿ ಗಾಡಿಯ ಕೆಳಗೆ ಎಂದೂ ಹೋಗಬೇಡಿ.

ಚಕ್ರ ಬಿಚ್ಚುವಾಗ ಗಮನಿಸಿ: ಈ ಮಾದರಿಯ ಎಡಗಡೆಯ ಚಕ್ರಗಳಿಗೆ ಉಲ್ಟಾ ಥ್ರೆಡ್. ಸ್ಟಡ್ಡಿನ ತುದಿಯಲ್ಲಿ ಇಂಗ್ಲಿಷಿನ ಎಲ್ ಅಕ್ಷರ ಇದೆಯೇ ನೋಡಿ. ಗೊತ್ತಿಲ್ಲದೆ ಪೈಪು ಹಾಕಿ ಒತ್ತಿದಷ್ಟೂ ನಟ್ಟು ಬಿಗಿಯಾಗುತ್ತ ಹೋಗಿ ಕೊನೆಗೆ ಸ್ಟಡ್ಡೇ ಮುರಿಯುತ್ತದೆ. ಹಬ್ ಬದಲಾದ ಗಾಡಿಗಳೂ ಇರುವುದರಿಂದ ನೋಡದೆ ಊಹಿಸಬೇಡಿ.

ತುಕ್ಕು ಹಿಡಿದ ಸಣ್ಣ ಭಾಗಗಳಿಗೆ ಅಗ್ಗದ ಮದ್ದು ಕಾಕಂಬಿ. ಒಂದು ಪಾಲು ಕಾಕಂಬಿ, ಒಂಬತ್ತು ಪಾಲು ನೀರು, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಗ್ರೀಸೆಲ್ಲ ತೊಳೆದು ಬ್ರಾಕೆಟ್ಟು, ಹಿಂಜು, ಬೋಲ್ಟುಗಳನ್ನು ಒಂದರಿಂದ ಎರಡು ವಾರ ಮುಳುಗಿಸಿಡಿ. ಅದು ತುಕ್ಕನ್ನು ಕರಗಿಸುತ್ತದೆ, ಒಳ್ಳೆಯ ಕಬ್ಬಿಣವನ್ನು ಬಹುತೇಕ ಮುಟ್ಟುವುದಿಲ್ಲ. ಅಲ್ಯೂಮಿನಿಯಂ ಮತ್ತು ಕಾರ್ಬ್ಯುರೇಟರಿನ ಎರಕದ ಭಾಗಗಳನ್ನು ಮಾತ್ರ ಹಾಕಬೇಡಿ, ತಿಂದುಹಾಕುತ್ತದೆ. ವಾಸನೆ ಜೋರು, ಮನೆಯಿಂದ ದೂರ, ಮುಚ್ಚಿಡಿ. ತೆಗೆದ ದಿನವೇ ತೊಳೆದು, ಒಣಗಿಸಿ, ಎಣ್ಣೆಯನ್ನೋ ಪ್ರೈಮರನ್ನೋ ಹಚ್ಚದಿದ್ದರೆ ಮರುದಿನ ಬೆಳಿಗ್ಗೆ ಮತ್ತೆ ಕೆಂಪಗಾಗಿರುತ್ತದೆ.

ಬ್ರೇಕು, ಸ್ಟೀರಿಂಗ್

ನಾಲ್ಕೂ ಚಕ್ರಕ್ಕೆ 9 ಇಂಚಿನ ಡ್ರಮ್, ಎಲ್ಲಕ್ಕೂ ಸೇರಿ ಒಂದೇ ಸರ್ಕ್ಯೂಟ್. ಒಂದು ಕಡೆ ಪೈಪು ತೂತಾದರೆ ನಾಲ್ಕು ಚಕ್ರದ ಬ್ರೇಕೂ ಹೋಯಿತು. ಆದ್ದರಿಂದ ಇಲ್ಲಿ ಉಳಿತಾಯದ ಮಾತೇ ಬೇಡ. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ರಬ್ಬರ್ ಹೋಸು, ಕಬ್ಬಿಣದ ಪೈಪು ಎಲ್ಲವೂ ಹೊಸತಿರಲಿ. ಹಳೆ ವೀಲ್ ಸಿಲಿಂಡರಿಗೆ ಬರೀ ವಾಶರ್ ಕಿಟ್ ಹಾಕಿದರೆ, ಒಳಗೆ ತುಕ್ಕು ತಿಂದ ಗುಳಿಗಳಿದ್ದಲ್ಲಿ ಕೆಲವೇ ತಿಂಗಳಲ್ಲಿ ಸೋರಿ ಲೈನರ್ ನೆನೆಯುತ್ತದೆ. ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರುಮಾಡಿ ಹತ್ತಿರದ್ದಕ್ಕೆ ಬನ್ನಿ.

ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಶಕ್ತಿಯನ್ನು ಹಿಂದಿನ, ಮುಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಹಿಂದೆ ಪ್ರೊಪೆಲ್ಲರ್ ಶಾಫ್ಟಿನ ಮೇಲಿದೆ. ಅದು ಹಿಡಿಯದಿದ್ದರೆ ಲೈನರ್ ಬದಲಿಸಿ ದುಡ್ಡು ಕಳೆಯುವ ಮೊದಲು ಅಲ್ಲಿನ ಆಯಿಲ್ ಸೀಲ್ ನೋಡಿ. ಸೀಲ್ ಸೋರುತ್ತಿರುವಷ್ಟು ಕಾಲ ಹೊಸ ಲೈನರೂ ಎಣ್ಣೆಯಲ್ಲಿ ನೆನೆಯುತ್ತದೆ.

ಗುಂಡಿಗೆ ಬಿದ್ದೊಡನೆ ಮುಂದಿನ ಚಕ್ರ ಗಡಗಡ ನಡುಗಿದರೆ ಎಲ್ಲರೂ ಸ್ಟೀರಿಂಗ್ ಬಾಕ್ಸನ್ನೇ ಬೈಯುತ್ತಾರೆ. ಹೆಚ್ಚಿನ ಸಲ ತಪ್ಪು ಅದರದ್ದಲ್ಲ. ಚಾಸಿಯ ಮುಂದಿನ ಅಡ್ಡಪಟ್ಟಿಯ (ಕ್ರಾಸ್ ಮೆಂಬರ್) ಮೇಲೆ ಕೂತು ಸ್ಟೀರಿಂಗ್ ಬಾಕ್ಸಿನ ಚಲನೆಯನ್ನು ಚಕ್ರಗಳ ಕಡೆಗೆ ತಿರುಗಿಸುವ ಬೆಲ್‌ಕ್ರ್ಯಾಂಕಿನ ಬೇರಿಂಗ್, ಚಕ್ರಗಳನ್ನು ಜೋಡಿಸುವ ಟೈ ರಾಡಿನ ತುದಿಗಳು, ಮುಂದಿನ ಚಕ್ರ ಅತ್ತಿತ್ತ ತಿರುಗಲು ಆಧಾರವಾದ ಕಿಂಗ್‌ಪಿನ್ ಬೇರಿಂಗ್, ಈ ಮೂರನ್ನು ಅದೇ ಕ್ರಮದಲ್ಲಿ ನೋಡಿ. ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ ಕಂಡರೆ, ಮೊದಲು ವೀಲ್ ಬೇರಿಂಗ್ ಸಡಿಲವಿಲ್ಲವೆಂದು ಖಚಿತಪಡಿಸಿಕೊಂಡು ಕಿಂಗ್‌ಪಿನ್ನಿನ ಶಿಮ್ (ಸಂದು ಹೊಂದಿಸುವ ತೆಳು ತಗಡು) ತೆಗೆಯಿರಿ. ಟೋ-ಇನ್, ಅಂದರೆ ಮುಂದಿನ ಎರಡು ಚಕ್ರಗಳು ಮುಂಭಾಗದಲ್ಲಿ ಒಳಕ್ಕೆ ಸರಿದಿರುವ ಅಳತೆ, 3/64ರಿಂದ 3/32 ಇಂಚು, ಅಂದರೆ ಸುಮಾರು 1.2ರಿಂದ 2.4 ಮಿ.ಮೀ. ಟೈರಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಅಳತೆ ಟೇಪಿನಿಂದ ಮನೆಯಲ್ಲೇ ಅಳೆಯಬಹುದು.

ಎಂಜಿನ್: ಬಿಚ್ಚುವ ಮೊದಲು ಅಳೆಯಿರಿ

ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ನೇರ ಸೆಲ್ಫ್ ಹೊಡೆಯಬೇಡಿ. ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೆ ಎರಡು ಚಮಚ ಎಣ್ಣೆ ಬಿಟ್ಟು ಎರಡು ದಿನ ಬಿಡಿ. ಆಮೇಲೆ ಮುಂದಿನ ಹ್ಯಾಂಡಲಿನಿಂದ ಕೈಯಲ್ಲೇ ತಿರುಗಿಸಿ. ತಿರುಗದಿದ್ದರೆ ಗೇರಾಯಿಲ್ಲಿಗಿಂತ ತೆಳುವಾದ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯನ್ನು ಅಸಿಟೋನಿಗೆ ಸಮಪಾಲು ಬೆರೆಸಿ ಹಾಕಿ ಮತ್ತೆ ಒಂದು ವಾರ ಕಾಯಿರಿ. ಈ ಮಿಶ್ರಣ ಬೇಗ ಹೊತ್ತಿಕೊಳ್ಳುತ್ತದೆ, ಹತ್ತಿರ ಬೀಡಿ ಕಿಡಿಯೂ ಇರಬಾರದು. ತಿರುಗಿದ ಮೇಲೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿ. ನಾಲ್ಕೂ ಸಿಲಿಂಡರಿನ ನಡುವೆ 10 ಪಿಎಸ್‌ಐಗಿಂತ (ಚದರ ಇಂಚಿಗೆ ಪೌಂಡು) ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ: ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕೂತಿಲ್ಲ. ವಾಲ್ವ್ ಕೂರದ ಎಂಜಿನ್ನಿಗೆ ಬೋರ್ ಹೊಡೆಸುವುದು (ಸಿಲಿಂಡರನ್ನು ಕೊರೆಸಿ ಅಗಲಿಸುವುದು) ಶುದ್ಧ ದಂಡದ ಖರ್ಚು.

ವಾಲ್ವ್ ಸಂದು (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಜಾಗ), ಎಂಜಿನ್ ತಣ್ಣಗಿರುವಾಗ: ಇನ್‌ಲೆಟ್ 0.018 ಇಂಚು, ಎಕ್ಸಾಸ್ಟ್ 0.016 ಇಂಚು. ಇನ್‌ಲೆಟ್ ಮೇಲಿನ ಮುಚ್ಚಳ ತೆಗೆದರೆ ಸಿಗುತ್ತದೆ, ಎಕ್ಸಾಸ್ಟ್ ಬ್ಲಾಕಿನ ಪಕ್ಕದ ಮುಚ್ಚಳದ ಒಳಗೆ. ಕೈ ಹೋಗುವುದು ಕಷ್ಟವೆಂದು ಎಕ್ಸಾಸ್ಟನ್ನು ಹಾಗೇ ಬಿಡುವವರೇ ಹೆಚ್ಚು. ಸಂದು ಮುಚ್ಚಿದ ವಾಲ್ವ್ ಸೀಟಿಗೆ ಶಾಖ ಬಿಡಲಾರದೆ ಸುಟ್ಟುಹೋಗುವುದೂ ಅಲ್ಲೇ.

ಹೆಡ್ ಬಿಚ್ಚಲೇಬೇಕಾದರೆ ಒಂದು ಗುಟ್ಟು ಗೊತ್ತಿರಲಿ. ಇನ್‌ಲೆಟ್ ಮ್ಯಾನಿಫೋಲ್ಡ್ ಹೆಡ್ಡಿನೊಂದಿಗೇ ಎರಕ ಹೊಯ್ದದ್ದು. ಕಾರ್ಬ್ಯುರೇಟರ್ ತೆಗೆದ ಮೇಲೆ ಅದರ ಬಾಯಿಯ ಒಳಗೆ ಒಂದು ಹೆಡ್ ಬೋಲ್ಟ್ ಅಡಗಿದೆ. ಅದನ್ನು ಕಾಣದೆ ಹೆಡ್ಡನ್ನು ಮೀಟಿ ಮೀಟಿ ಒಡೆಯುತ್ತಾರೆ. ಜೋಡಿಸುವಾಗ ಮರೆತರೆ ಗ್ಯಾಸ್ಕೆಟ್ ಅಲ್ಲೇ ಹಾರುತ್ತದೆ. ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, 60ರಿಂದ 70 ಅಡಿ-ಪೌಂಡಿಗೆ ಬಿಗಿಯಿರಿ.

ಇಗ್ನಿಷನ್ನಿಗೆ ಖರ್ಚು ಕಡಿಮೆ, ಫಲ ಜಾಸ್ತಿ. ಫೈರಿಂಗ್ ಆರ್ಡರ್ 1-3-4-2. ಪ್ಲಗ್ ಸಂದು 0.030 ಇಂಚು. ಡಿಸ್ಟ್ರಿಬ್ಯೂಟರಿನೊಳಗೆ ಕರೆಂಟನ್ನು ಕಡಿದು ಕೊಡುವ ಪಾಯಿಂಟಿನ ಸಂದು ಮೂಲದ ಆಟೊಲೈಟ್ ಡಿಸ್ಟ್ರಿಬ್ಯೂಟರಿಗೆ 0.020, ಆದರೆ ಗಾಡಿಯಲ್ಲಿ ಲ್ಯೂಕಾಸ್ ಕೂತಿದ್ದರೆ 0.014ರಿಂದ 0.016. ಯಾವುದಿದೆ ಎಂದು ಓದದೆ ಪುಸ್ತಕದ ಅಳತೆ ಇಟ್ಟರೆ ಗಾಡಿ ಬಿಕ್ಕುತ್ತದೆ. ಮೊದಲು ಸಂದು, ಆಮೇಲೆ ಟೈಮಿಂಗ್, ಯಾಕೆಂದರೆ ಸಂದು ಬದಲಾದರೆ ಟೈಮಿಂಗೂ ಸರಿಯುತ್ತದೆ. ಟೈಮಿಂಗ್ ಟಿಡಿಸಿಗೆ (ಪಿಸ್ಟನ್ ಅತಿ ಮೇಲಕ್ಕೆ ಬರುವ ಬಿಂದು) 5 ಡಿಗ್ರಿ ಮುಂಚೆ.

ಆಯಿಲ್ ಪ್ರೆಷರ್ ಬಿಸಿ ಎಂಜಿನ್ನಿನಲ್ಲಿ ಐಡಲಿಗೆ 6 ಪಿಎಸ್‌ಐ, ಗಂಟೆಗೆ 35 ಮೈಲಿ ಓಟದಲ್ಲಿ 20 ಪಿಎಸ್‌ಐ ಇದ್ದರೂ ಸಾಕು. ಹೊಸ ಕಾರಿನ ಲೆಕ್ಕ ಹಿಡಿದು 'ಪ್ರೆಷರಿಲ್ಲ, ಎಂಜಿನ್ ಇಳಿಸಬೇಕು' ಎನ್ನುವವರ ಮಾತಿಗೆ ಒಪ್ಪುವ ಮೊದಲು ಒಂದು ಮೆಕ್ಯಾನಿಕಲ್ ಗೇಜ್ ಹಾಕಿ ನೀವೇ ನೋಡಿ. ಎಂಜಿನ್ ಕಾದರೆ ಥರ್ಮೋಸ್ಟ್ಯಾಟ್ ಕಿತ್ತೆಸೆಯುವ ಚಾಳಿಯನ್ನೂ ಕಲಿಯಬೇಡಿ. ಕಾಯುವ ಕಾರಣ ಸಾಮಾನ್ಯವಾಗಿ ರೇಡಿಯೇಟರಿನಲ್ಲಿ ಮತ್ತು ಬ್ಲಾಕಿನ ಹಿಂಭಾಗದಲ್ಲಿ ಕೂತ ಕೆಸರು. ಥರ್ಮೋಸ್ಟ್ಯಾಟ್ ಇಲ್ಲದ ಎಂಜಿನ್ ಸರಿಯಾಗಿ ಬಿಸಿಯಾಗದೆ ಒಳಗೆ ಆಯಿಲ್ ಕೀಲೆಣ್ಣೆಯಂತೆ ಗಟ್ಟಿಯಾಗುತ್ತದೆ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಹಳೆ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಅದರಲ್ಲಿ ಮೆತ್ತಗಾಗಿ ಚೂರು ಬಿಡುತ್ತವೆ, ಚೂರು ಹೋಗಿ ಕಾರ್ಬ್ಯುರೇಟರಿನ ಜೆಟ್ಟಿಗೆ ಕೂರುತ್ತದೆ. ಎಥನಾಲ್ ತಡೆಯುವ ಹೋಸನ್ನೇ ಕೇಳಿ ತನ್ನಿ. ಎಥನಾಲ್ ನೀರನ್ನೂ ಎಳೆದುಕೊಳ್ಳುವುದರಿಂದ, ಹೆಚ್ಚು ಕಾಲ ನಿಲ್ಲಿಸುವ ಗಾಡಿಯ ಟ್ಯಾಂಕಿನಲ್ಲಿ ಹಳೆ ಪೆಟ್ರೋಲ್ ಬಿಡಬೇಡಿ.

ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ ಅಂಟಿಕೊಂಡಿದ್ದರೂ ಎಣ್ಣೆ ತುಂಬುವ ಬೋಲ್ಟು ಬೇರೆ ಬೇರೆ. ಒಂದಕ್ಕೆ ಹಾಕಿ ಎರಡಕ್ಕೂ ಆಯಿತೆಂದುಕೊಂಡರೆ ಇನ್ನೊಂದು ಒಣಗಿ ಕೂಗುತ್ತದೆ. ಗೇರ್‌ಬಾಕ್ಸಿಗೆ ಸುಮಾರು 1.2 ಲೀಟರ್, ಟ್ರಾನ್ಸ್‌ಫರ್ ಕೇಸಿಗೆ ಸುಮಾರು 1.5, ತುಂಬುವ ತೂತಿನಿಂದ ಜಿನುಗುವವರೆಗೆ. ಗೇರ್‌ಬಾಕ್ಸಿಗೆ ಜಿಎಲ್-4 ದರ್ಜೆಯ 90 ಎಣ್ಣೆ ಸಾಕು. ಜಿಎಲ್-5ರ ಕೆಲವು ಎಣ್ಣೆಗಳು ಗೇರು ಸುಲಭವಾಗಿ ಕೂರಿಸುವ ಹಿತ್ತಾಳೆಯ ಸಿಂಕ್ರೊ ರಿಂಗನ್ನು ಸವೆಸುತ್ತವೆ. ಮೊದಲನೇ ಗೇರಿಗೆ ಸಿಂಕ್ರೊ ಇಲ್ಲ. ಗಾಡಿ ಪೂರ್ತಿ ನಿಂತ ಮೇಲೆಯೇ ಹಾಕಿ. ಓಡುವಾಗ ಹಾಕಿ ಕಿರುಗುಟ್ಟಿಸಿದರೆ ಅದು ಗೇರ್‌ಬಾಕ್ಸಿನ ದೋಷವಲ್ಲ.

ಪಾರ್ಟ್ಸ್

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸ ಸಾಮಾನು, ಶಿವಾಜಿನಗರದ ಗುಜರಿಯಲ್ಲಿ ಹಳೆಯದು. ಬೇರಿಂಗ್, ಆಯಿಲ್ ಸೀಲ್ ಕೇಳುವಾಗ 'ಹಳೆ ಜೀಪಿನದ್ದು' ಅನ್ನಬೇಡಿ. ಹಳೆಯದರ ಮೇಲೆ ಕೆತ್ತಿದ ನಂಬರು, ಇಲ್ಲವೇ ಒಳಸುತ್ತು-ಹೊರಸುತ್ತು-ದಪ್ಪದ ಅಳತೆ ಹೇಳಿ ಬೇರಿಂಗ್ ಅಂಗಡಿಯಲ್ಲೇ ಕೊಳ್ಳಿ. ಅದೇ ವಸ್ತುವಿಗೆ ಗಾಡಿಯ ಹೆಸರು ಸೇರಿದರೆ ಬೆಲೆ ಏರುತ್ತದೆ. ಗುಜರಿಯಲ್ಲಿ ಬ್ರಾಕೆಟ್ಟು, ರಿಮ್ಮು, ಬಾನೆಟ್ಟು ಧಾರಾಳವಾಗಿ ಕೊಳ್ಳಿ. ಬ್ರೇಕಿನ, ಸ್ಟೀರಿಂಗಿನ ಒಂದು ತುಂಡನ್ನೂ ಅಲ್ಲಿಂದ ತರಬೇಡಿ.

ತಗಡು, ಬಣ್ಣ

ನೆಲದ ತಗಡು ಕತ್ತರಿಸುವ ಮೊದಲು, ಕಾಲಿಟ್ಟು ಹತ್ತುವ ಎರಡೂ ಬದಿಯ ತೆರಪಿಗೆ ಅಡ್ಡಲಾಗಿ ಚೌಕ ಪೈಪು ಬೆಸೆದು ಬಾಡಿಯನ್ನು ಬಿಗಿಮಾಡಿ. ಇಲ್ಲದಿದ್ದರೆ ನೆಲ ಹೋದೊಡನೆ ಬಾಡಿ ಒಳಕ್ಕೆ ಮಡಚಿಕೊಳ್ಳುತ್ತದೆ, ಆಮೇಲೆ ಬಾನೆಟ್ಟೂ ಕೂರುವುದಿಲ್ಲ, ವಿಂಡ್‌ಸ್ಕ್ರೀನೂ ಕೂರುವುದಿಲ್ಲ. ಪೆಟ್ರೋಲ್ ಟ್ಯಾಂಕ್ ಇರುವುದು ಚಾಲಕನ ಸೀಟಿನ ಅಡಿಯಲ್ಲೇ. ಗ್ರೈಂಡರ್ ಅಥವಾ ವೆಲ್ಡಿಂಗ್ ಹಚ್ಚುವ ಮೊದಲು ಟ್ಯಾಂಕನ್ನು ಕಳಚಿ ಬೇರೆ ಕಡೆ ಸಾಗಿಸಿ, ಬ್ಯಾಟರಿ ತಂತಿ ಬಿಚ್ಚಿ. ಖಾಲಿ ಟ್ಯಾಂಕೇ ಹೆಚ್ಚು ಅಪಾಯ, ಒಳಗೆ ಆವಿ ತುಂಬಿರುತ್ತದೆ.

1.2 ಮಿ.ಮೀ. ತಗಡಿಗೆ ಮಾಮೂಲಿ ಆರ್ಕ್ ವೆಲ್ಡಿಂಗ್ ತೂತು ಮಾಡುತ್ತದೆ. ಮಿಗ್ ವೆಲ್ಡಿಂಗಿನಲ್ಲಿ 0.8ರ ತಂತಿ, ಸುಮಾರು ಒಂದೊಂದು ಇಂಚಿಗೆ ಒಂದು ಚುಕ್ಕೆ, ಒಂದು ಚುಕ್ಕೆ ಇತ್ತ ಹಾಕಿದರೆ ಮುಂದಿನದು ದೂರದ ಅತ್ತ. ಸಾಲಾಗಿ ಎಳೆದರೆ ಶಾಖಕ್ಕೆ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಇದನ್ನು ಹೊಸಬರು ಟಿಂಕರ್ ಕೈಯಲ್ಲಿ ಮಾಡಿಸುವುದೇ ಲೇಸು. ಕತ್ತರಿಸಿ, ಅಳತೆಗೆ ತುಂಡು ಮಾಡಿ, ಅಂಚು ಉಜ್ಜಿಟ್ಟುಕೊಟ್ಟರೆ ಕೂಲಿ ಅರ್ಧಕ್ಕಿಳಿಯುತ್ತದೆ.

ಪುಟ್ಟಿ 3 ಮಿ.ಮೀ. ಮೀರಬಾರದು. ಬರಿ ತಗಡಿಗೆ ಮೊದಲ ಪದರ ಎಪಾಕ್ಸಿ ಪ್ರೈಮರ್. ಮಾಮೂಲಿ ಪ್ರೈಮರ್ ನೀರು ಹೀರುತ್ತದೆ, ಮಲೆನಾಡಿನ ಒಂದು ಮಳೆಗಾಲ ಬರೀ ಪ್ರೈಮರಿನಲ್ಲಿ ನಿಂತ ಬಾಡಿಗೆ ಒಳಗಿಂದಲೇ ತುಕ್ಕು ಏಳುತ್ತದೆ. ಬಣ್ಣಕ್ಕೆ ಸಿಂಥೆಟಿಕ್ ಎನಾಮಲ್ ಸಾಕು, ಜೀಪಿಗೆ ಅದೇ ಒಪ್ಪುತ್ತದೆ, ತರಚಿದರೆ ಬ್ರಷ್ಷಿನಿಂದ ಸರಿಮಾಡಬಹುದು. ಹಾರ್ಡ್‌ನರ್ ಬೆರೆಸುವ ಪಿಯು (ಪಾಲಿಯುರಿಥೇನ್) ಬಣ್ಣದ ಆವಿಯಲ್ಲಿ ಉಸಿರಿಗೆ ಹಾನಿಯ ಐಸೊಸಯನೇಟ್ ಇರುವುದರಿಂದ ಬಟ್ಟೆ ಕಟ್ಟಿಕೊಂಡು ಅದನ್ನು ಮನೆಯಲ್ಲಿ ಹೊಡೆಯುವ ಸಾಹಸ ಬೇಡ. ನೆಲದ ಆಧಾರಪಟ್ಟಿಗಳ ಟೊಳ್ಳಿನೊಳಗೆ ಬಣ್ಣ ಹೋಗುವುದಿಲ್ಲ. ಅಲ್ಲಿಗೆ ಬಿಸಿ ಮಾಡಿ ತೆಳುವಾಗಿಸಿದ ಗ್ರೀಸು ಅಥವಾ ಮೇಣದ ಸ್ಪ್ರೇ ಬಿಟ್ಟು, ನೀರಿಳಿಯುವ ತೂತುಗಳು ಮುಚ್ಚಿಹೋಗಿಲ್ಲವೆಂದು ತಂತಿಯಿಂದ ಚುಚ್ಚಿ ನೋಡಿ.