ಫೀಸು ನಾನೇ ಕಟ್ಟಿದ್ದೆ, ಆ ವರ್ಷಗಳೂ ಲೆಕ್ಕಕ್ಕೆ ಬರುತ್ತವಾ?

ಪ್ರಶ್ನೆ: ನನಗೆ 44 ವರ್ಷ, ಇಂಗ್ಲೆಂಡಿನಲ್ಲಿದ್ದೇನೆ. ಹಿಂದೆ ಎರಡು ವರ್ಷ ಡಿಗ್ರಿ ಓದಿ ಬಿಟ್ಟೆ. ಆಗ ಫೀಸೆಲ್ಲ ಕೈಯಿಂದಲೇ ಕಟ್ಟಿದ್ದೆ. ಈಗ ಮೂರು ವರ್ಷದ ಡಿಗ್ರಿಗೆ ಸೇರಿದರೆ ಪೂರ್ತಿ ಫೀಸಿಗೆ ಸಾಲ ಸಿಗುತ್ತದೆ ಅಲ್ವಾ?

ಉತ್ತರ: ಎರಡು ವರ್ಷದ ಫೀಸಿಗೆ ಮಾತ್ರ ಸಿಗುತ್ತದೆ. ನಿಮ್ಮ ವಯಸ್ಸು ಇದಕ್ಕೆ ಅಡ್ಡಿಯಲ್ಲ, ಆ ಚಿಂತೆ ಬಿಡಿ.

‘ಕೈಯಿಂದಲೇ ಕಟ್ಟಿದ್ದೆ’ ಅನ್ನುವ ಮಾತಿಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ನೆನಪಿಲ್ಲ. ಆದರೂ ಮತ್ತೆ ಬರೆಯುತ್ತೇನೆ. ಏಕೆಂದರೆ ಇದನ್ನು ನಂಬಿ ಸೀಟು ಒಪ್ಪಿಕೊಂಡು, ಕೆಲಸ ಬಿಟ್ಟು, ಆಮೇಲೆ ಪರದಾಡುವವರು ಜಾಸ್ತಿ. ಸರ್ಕಾರದ ಸಾಲವನ್ನು ಜನ ಬ್ಯಾಂಕ್ ಖಾತೆಯ ಹಾಗೆ ಭಾವಿಸುತ್ತಾರೆ. ನಾನು ತೆಗೆದಿಲ್ಲ, ಹಾಗಾದರೆ ದುಡ್ಡು ಅಲ್ಲೇ ಇರಬೇಕು ಅಂತ. ಆದರೆ ಈ ಸಾಲ ಕೊಡುವ ಸರ್ಕಾರಿ ಸಂಸ್ಥೆ ಸ್ಟೂಡೆಂಟ್ ಫೈನಾನ್ಸ್ ಇಂಗ್ಲೆಂಡ್ ಲೆಕ್ಕ ಹಾಕುವುದು ಓದಿದ ವರ್ಷಗಳನ್ನು. ಫೀಸು ಅಪ್ಪ ಕಟ್ಟಿರಲಿ, ಕಂಪನಿ ಕಟ್ಟಿರಲಿ, ಬೇರೆ ದೇಶದಲ್ಲಿ ಓದಿರಲಿ, ಪರೀಕ್ಷೆಯೇ ಬರೆಯದಿರಲಿ, ಆ ವರ್ಷ ಕಳೆದುಹೋಗುತ್ತದೆ. ಸೆಪ್ಟೆಂಬರ್‌ನಲ್ಲಿ ಸೇರಿ ಕ್ರಿಸ್‌ಮಸ್‌ಗೆ ಬಿಟ್ಟರೂ ಒಂದು ಪೂರ್ತಿ ವರ್ಷವೇ.

ಲೆಕ್ಕ ಸುಲಭ. ಕೋರ್ಸಿನ ವರ್ಷಗಳಿಗೆ ಒಂದು ಸೇರಿಸಿ, ಹಿಂದೆ ಓದಿದ್ದನ್ನು ಕಳೆಯಿರಿ. ನಿಮ್ಮದು ಮೂರಕ್ಕೆ ಒಂದು ಸೇರಿ ನಾಲ್ಕು, ಎರಡು ಕಳೆದರೆ ಎರಡು. ಒಂದೇ ವರ್ಷ ಓದಿ ಬಿಟ್ಟಿದ್ದರೆ ಪೂರ್ತಿ ಮೂರು ವರ್ಷಕ್ಕೂ ಸಾಲ ಸಿಗುತ್ತಿತ್ತು. ಇನ್ನೊಂದು ಮುಖ್ಯ ವಿಷಯ: ಸಾಲವಿಲ್ಲದ ವರ್ಷ ಮೊದಲಿಗೇ ಬರುತ್ತದೆ. 2025-26ರಲ್ಲಿ ಫೀಸಿನ ಮಿತಿ ವರ್ಷಕ್ಕೆ 9,535 ಪೌಂಡ್. ಹಾಗಾಗಿ ಸೇರುವ ಮುಂಚೆಯೇ ಅಷ್ಟು ಹೊಂದಿಸಿಟ್ಟುಕೊಳ್ಳಬೇಕು.

ಹಳೆಯ ಓದನ್ನು ಫಾರ್ಮಿನಲ್ಲಿ ಬರೆಯದೇ ಬಿಡೋಣ ಅಂತ ದಯವಿಟ್ಟು ಯೋಚಿಸಬೇಡಿ. ಗೊತ್ತಾದ ದಿನ ಕೊಟ್ಟ ಹಣ ವಾಪಸ್ ಕೇಳುತ್ತಾರೆ.

ಆಗ ಓದು ಬಿಟ್ಟಿದ್ದು ಕಾಯಿಲೆಯಿಂದಲೋ, ಮನೆಯಲ್ಲಿ ಸಾವಾಗಿದ್ದರಿಂದಲೋ ಆಗಿದ್ದರೆ ಬೇರೆ ಮಾತು. ಡಾಕ್ಟರ ಪತ್ರದಂಥ ದಾಖಲೆ ಕೊಟ್ಟು ಇನ್ನೊಂದು ವರ್ಷದ ಸಾಲ ಕೇಳಬಹುದು. ನಿಮ್ಮ ಲೆಕ್ಕದಲ್ಲಿ ಆ ಒಂದು ವರ್ಷವೇ ಕೊರತೆ, ನೋಡಿ. ಡಿಗ್ರಿ ಮುಗಿಸಿರದಿದ್ದರೆ ಮನೆಖರ್ಚಿನ ಮೇಂಟೆನೆನ್ಸ್ ಲೋನ್‌ಗೆ ಹಳೆಯ ಓದು ಅಡ್ಡ ಬರುವುದಿಲ್ಲ. ಮುಗಿಸಿದ್ದವರಿಗೆ ಎರಡನೇ ಡಿಗ್ರಿಗೆ ಸಾಮಾನ್ಯವಾಗಿ ಸಾಲವಿಲ್ಲ. ನರ್ಸಿಂಗ್‌ನಂಥ ಕೆಲವು ಕೋರ್ಸ್‌ಗಳಿಗೆ ವಿನಾಯಿತಿ ಉಂಟು. 2027ರ ಜನವರಿಯಿಂದ ಶುರುವಾಗುವ ಕೋರ್ಸ್‌ಗಳಿಗೆ ಹೊಸ ಪದ್ಧತಿ ಬರುತ್ತಿದೆ, ಈ ಲೆಕ್ಕ ಅದಕ್ಕಿಂತ ಮುಂಚಿನವಕ್ಕೆ.

ನೀವು ಕೇಳಿಲ್ಲ, ಆದರೆ ನಿಮ್ಮ ವಯಸ್ಸಿನವರು ಕೊನೆಗೆ ಮೆಲ್ಲಗೆ ಕೇಳುವುದು ಇದನ್ನೇ: ಸಾಲ ತೀರುವ ಮೊದಲೇ ನಾನು ಸತ್ತರೆ ಮಕ್ಕಳ ತಲೆಗೆ ಬರುತ್ತಾ? ಬರುವುದಿಲ್ಲ. ಸಾವಿನೊಂದಿಗೆ ಸಾಲ ರದ್ದಾಗುತ್ತದೆ. ಬದುಕಿದ್ದಾಗಲೂ ವರ್ಷಕ್ಕೆ 25,000 ಪೌಂಡ್ ದಾಟಿದ ಸಂಬಳದ ಮೇಲಷ್ಟೇ ನೂರಕ್ಕೆ 9ರಂತೆ ಕಟ್ಟಬೇಕು. ಓದು ಮುಗಿದು ಸಾಲ ಕಟ್ಟುವ ಸರದಿ ಬಂದ ಮೇಲೆ 40 ವರ್ಷ ಕಳೆದರೆ ಉಳಿದದ್ದು ಮನ್ನಾ. ಆಗ ನಿಮಗೆ 87 ದಾಟಿರುತ್ತದೆ.