ಹಬಲ್ ಟೆನ್ಷನ್: 67 ಮತ್ತು 73ರ ಹಗ್ಗ ಜಗ್ಗಾಟ

ಟೆನ್ಷನ್ ಅಂದ ಕೂಡಲೇ ನಮಗೆ ನೆನಪಾಗುವುದು ಪರೀಕ್ಷೆ, ಸಾಲ, ಕೈಕೊಟ್ಟ ಮಳೆ. ಖಗೋಳ ವಿಜ್ಞಾನಿಗಳ ‘ಹಬಲ್ ಟೆನ್ಷನ್’ ಬೇರೆ. ಅದು ಎರಡು ಅಂಕಿಗಳ ಹಗ್ಗ ಜಗ್ಗಾಟ. ಬ್ರಹ್ಮಾಂಡ ಈಗ ಎಷ್ಟು ಬೇಗ ಹಿಗ್ಗುತ್ತಿದೆ ಅಂತ ಕೇಳಿದರೆ ಒಂದು ಲೆಕ್ಕ 67 ಅನ್ನುತ್ತದೆ, ಇನ್ನೊಂದು 73 ಅನ್ನುತ್ತದೆ.

ಹಿಗ್ಗುವುದು ಅಂದರೇನು? ಸಂಕ್ರಾಂತಿ ಹೊತ್ತಿಗೆ ಗದಗದ ನಮ್ಮ ಮನೆಯಲ್ಲಿ ಅವ್ವ ಸಜ್ಜೆ ರೊಟ್ಟಿ ಬಡಿಯುವುದನ್ನು ನೋಡುತ್ತಾ ಕೂತರೆ ಇದು ಕಣ್ಣಿಗೇ ಕಾಣುತ್ತದೆ. ಎಳ್ಳು ಉದುರಿಸಿ ಮತ್ತೆ ಬಡಿದಂತೆ ಕಾಳುಗಳು ಒಂದರಿಂದೊಂದು ದೂರ ಸರಿಯುತ್ತವೆ. ಕಾಳು ತಾನಾಗಿ ನಡೆಯುವುದಿಲ್ಲ, ಅಡಿಯ ಹಿಟ್ಟು ಹರಡುತ್ತದೆ. ಪಕ್ಕದ ಕಾಳು ಒಂದು ಬೆರಳು ಸರಿದರೆ, ಎರಡು ಪಟ್ಟು ದೂರದ್ದು ಎರಡು ಬೆರಳು ಸರಿದಿರುತ್ತದೆ. ಕಾಳಿನ ಜಾಗದಲ್ಲಿ ಗ್ಯಾಲಕ್ಸಿ ಇಟ್ಟುಕೊಳ್ಳಿ. ದೂರದ ಗ್ಯಾಲಕ್ಸಿ ಜಾಸ್ತಿ ವೇಗದಲ್ಲಿ ಸರಿಯುತ್ತದೆ ಅಂತ 1929ರಲ್ಲಿ ಅಳೆದು ತೋರಿಸಿದವರು ಎಡ್ವಿನ್ ಹಬಲ್. ಅದಕ್ಕೇ ಈ ದರಕ್ಕೆ ಹಬಲ್ ಸ್ಥಿರಾಂಕ ಅಂತ ಹೆಸರು. 73 ಅಂದರೆ, ದೂರ 32.6 ಲಕ್ಷ ಜ್ಯೋತಿರ್ವರ್ಷ ಹೆಚ್ಚಾದಂತೆಲ್ಲ ವೇಗ ಸೆಕೆಂಡಿಗೆ 73 ಕಿ.ಮೀ. ಏರುತ್ತದೆ. ಹುಬ್ಬಳ್ಳಿಯಿಂದ ಧಾರವಾಡ ಸುಮಾರು 20 ಕಿ.ಮೀ., ಅಲ್ವಾ? ಅಂಥ ಮೂರು ದಾರಿಗಿಂತ ಜಾಸ್ತಿ, ಒಂದೇ ಸೆಕೆಂಡಿನಲ್ಲಿ.

ವೇಗ ಅಳೆಯುವುದು ಸುಲಭ, ಕಷ್ಟವೆಲ್ಲ ದೂರದ್ದು. ರಾತ್ರಿ ಕಪ್ಪತಗುಡ್ಡದ ಕಡೆ ನೋಡಿ. ಗಾಳಿ ಫ್ಯಾನುಗಳ ಮೇಲೆ ಕೆಂಪು ದೀಪ ಮಿನುಗುತ್ತಿರುತ್ತವೆ. ಎಲ್ಲ ಒಂದೇ ಥರದ ದೀಪ ಅಂತ ಗೊತ್ತಿದ್ದರೆ, ಮಂಕಾಗಿ ಕಾಣುವುದು ದೂರದ್ದು ಅಂತ ಹೇಳಬಹುದು. ಎಷ್ಟು ಮಂಕು ಅಂತ ಅಳೆದರೆ ಎಷ್ಟು ದೂರ ಅಂತಲೂ ಹೇಳಬಹುದು. ಆಕಾಶದಲ್ಲಿ ಅಂಥ ದೀಪ ಸೆಫೀಡ್ ನಕ್ಷತ್ರಗಳು. ನಿಧಾನಕ್ಕೆ ಮಿನುಗುವ ಸೆಫೀಡ್‌ಗೆ ನಿಜವಾದ ಬೆಳಕು ಜಾಸ್ತಿ ಅಂತ 1912ರಲ್ಲಿ ಪಕ್ಕಾ ಮಾಡಿದವರು ಹೆನ್ರಿಯೆಟಾ ಲೆವಿಟ್. ಅಂದರೆ ಮಿನುಗುವ ಗತಿ ನೋಡಿಯೇ ಅದು ಎಂಥ ದೀಪ ಅಂತ ತಿಳಿಯುತ್ತದೆ. ಇಷ್ಟು ದೊಡ್ಡ ವಿಷಯದ ಬುಡದಲ್ಲಿರುವ ಆ ಹೆಣ್ಣುಮಗಳ ಹೆಸರು ನಮ್ಮ ಮಕ್ಕಳಿಗೂ ಗೊತ್ತಿರಬೇಕು. ಸೆಫೀಡ್‌ನಿಂದ ಶುರುಮಾಡಿ, ಇನ್ನೂ ದೂರದ ಸೂಪರ್‌ನೋವಾ, ಅಂದರೆ ನಕ್ಷತ್ರ ಸಿಡಿಯುವ ಸ್ಫೋಟಗಳವರೆಗೆ ಅಳೆದು ಖಗೋಳ ವಿಜ್ಞಾನಿ ಆಡಂ ರೀಸ್ ತಂಡ 2022ರಲ್ಲಿ 73 ಅಂದಿತು.

ಇನ್ನೊಂದು ದಾರಿ ಉಂಡೆ ನೋಡಿ ರೊಟ್ಟಿ ಹೇಳುವಂಥದ್ದು. ಬ್ರಹ್ಮಾಂಡಕ್ಕೆ ಬರೀ 3.8 ಲಕ್ಷ ವರ್ಷ ಆಗಿದ್ದಾಗ ಹೊರಟ ಬೆಳಕು ಇಂದಿಗೂ ಎಲ್ಲ ದಿಕ್ಕಿನಿಂದ ಬರುತ್ತಿದೆ. ಪ್ಲಾಂಕ್ ಉಪಗ್ರಹ ಅದನ್ನು ಸೂಕ್ಷ್ಮವಾಗಿ ಅಳೆಯಿತು. ಉಂಡೆ ಹೀಗಿದ್ದರೆ, ಹಿಟ್ಟಿನಲ್ಲಿ ಇಂತಿಂಥದ್ದು ಇಷ್ಟಿಷ್ಟು ಇದ್ದರೆ, ಇವತ್ತು ರೊಟ್ಟಿ ಎಷ್ಟು ಬೇಗ ಹರಡುತ್ತಿರಬೇಕು? ಲೆಕ್ಕ ಕೊಟ್ಟ ಉತ್ತರ 67.4.

ಆರು ಅಂಕಿ ಹೆಚ್ಚುಕಮ್ಮಿ ಆದರೆ ಏನಾಯ್ತು ಅನಿಸಬಹುದು. ಇಲ್ಲೇ ‘ಟೆನ್ಷನ್’ ಪದದ ನಿಜವಾದ ಅರ್ಥ ಇದೆ. 2001ರಲ್ಲಿ ಅದೇ ಹಬಲ್ ಹೆಸರಿನ ಬಾಹ್ಯಾಕಾಶ ದೂರದರ್ಶಕ ಕೊಟ್ಟ ಉತ್ತರ 72, ಆದರೆ 8 ಆಚೀಚೆ. ಅಂದರೆ 64ರಿಂದ 80ರೊಳಗೆ ಏನಾದರೂ ಇರಬಹುದು. ಆ ಅಂಗಳದಲ್ಲಿ 67ಕ್ಕೂ ಜಾಗ ಇತ್ತು. ಈಗ ರೀಸ್ ಅವರ 73ರ ಆಚೀಚೆ ಬರೀ 1, ಪ್ಲಾಂಕ್‌ನ 67.4ರ ಆಚೀಚೆ ಬರೀ 0.5. ಅಳತೆ ಒರಟಾಗಿದ್ದಾಗ ಜಗಳವೇ ಇರಲಿಲ್ಲ. ಅಳತೆ ಚೊಕ್ಕ ಆದಂತೆ ನಡುವಿನ ಬಿರುಕು ಕಾಣಿಸಿತು.

ರೀಸ್ ತಂಡ ಬಳಸಿದ ಹಬಲ್ ದೂರದರ್ಶಕಕ್ಕೆ ಪಕ್ಕದ ನಕ್ಷತ್ರಗಳ ಬೆಳಕು ಸೆಫೀಡ್ ಜೊತೆ ಬೆರೆತು ಕಂಡಿರಬಹುದು ಅನ್ನುವ ಅನುಮಾನ ಇತ್ತು. ಅದಕ್ಕಿಂತ ಹೊಸ ದೂರದರ್ಶಕ ಜೇಮ್ಸ್ ವೆಬ್ ಅದೇ ನಕ್ಷತ್ರಗಳನ್ನು ಬಿಡಿಬಿಡಿಯಾಗಿ ನೋಡಿತು. 73 ಅಲ್ಲಾಡಲಿಲ್ಲ. ಆದರೆ ಅದೇ ವೆಬ್ ಬಳಸಿ, ಬೇರೆ ಥರದ ನಕ್ಷತ್ರಗಳನ್ನೂ ಸೇರಿಸಿ ಅಳೆದ ವೆಂಡಿ ಫ್ರೀಡ್‌ಮನ್ ತಂಡಕ್ಕೆ ಸಿಕ್ಕಿದ್ದು 70ರ ಆಸುಪಾಸು. 67 ಮತ್ತು 73 ಎರಡೂ ಸರಿ ಅಂತಾದರೆ, ಹಿಟ್ಟಿನಲ್ಲಿ ನಮಗೆ ಗೊತ್ತಿಲ್ಲದ್ದು ಏನೋ ಬೆರೆತಿದೆ ಅಂತಲೇ ಅರ್ಥ.

ಮೂರನೇ ದಾರಿಯೂ ತೆರೆದಿದೆ. 2017ರಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು (ಸತ್ತ ದೊಡ್ಡ ನಕ್ಷತ್ರಗಳ ಗಟ್ಟಿ ತಿರುಳು) ಡಿಕ್ಕಿ ಹೊಡೆದು ಎದ್ದ ಗುರುತ್ವದ ಅಲೆಯಿಂದಲೇ ದೂರ ಅಳೆದರು. ಬಂದದ್ದು ಸುಮಾರು 70. ಆದರೆ ಆಚೀಚೆ ಇನ್ನೂ ಅಗಲ, 67ಕ್ಕೂ 73ಕ್ಕೂ ಅದರೊಳಗೆ ಜಾಗ ಇದೆ. ಅದು ಕಿರಿದಾಗಬೇಕಾದರೆ ಅಂಥ ಡಿಕ್ಕಿಗಳು ಇನ್ನೂ ಹತ್ತಾರು ಸಿಗಬೇಕು.