ಕುಂಡ ಬದಲಿಸಿದ ಗಿಡಕ್ಕೆ ನೀರು ಸುರಿಯಬೇಡಿ

"ಕುಂಡ ಬದಲಾಯಿಸಿದೆ ಸರ್, ಗಿಡ ಬಾಡಿಹೋಯ್ತು. ದಿನಾ ಎರಡು ಹೊತ್ತು ನೀರು ಹಾಕ್ತಾ ಇದ್ದೀನಿ, ಆದ್ರೂ ಚೇತರಿಸಿಕೊಳ್ತಾ ಇಲ್ಲ." ನನಗೆ ಬರುವ ಫೋನುಗಳಲ್ಲಿ ಬಹಳಷ್ಟು ಹೀಗೇ ಶುರುವಾಗುತ್ತವೆ. ಹೆಚ್ಚಿನ ಸಲ ಅದು ಚೇತರಿಸಿಕೊಳ್ಳದಿರುವುದು ಆ ಎರಡು ಹೊತ್ತಿನ ನೀರಿನಿಂದಲೇ. ಇದನ್ನು ಎಷ್ಟು ಹೇಳಿದರೂ ಜನ ನಂಬುವುದಿಲ್ಲ.

ಕಣ್ಣಿಗೆ ಕಾಣುವ ದಪ್ಪ ಬೇರಿನ ಮುಖ್ಯ ಕೆಲಸ ಗಿಡವನ್ನು ಹಿಡಿದು ನಿಲ್ಲಿಸುವುದು. ನೀರು ಹೀರುವುದು ಬಹುಪಾಲು ತುದಿಯ ಎಳೆ ಬೇರುಗಳು, ಅವುಗಳ ಮೇಲಿನ ನವಿರಾದ ರೋಮಗಳು. ಎಷ್ಟೇ ಹುಷಾರಾಗಿ ಗಿಡ ತೆಗೆದರೂ ಅವುಗಳಲ್ಲಿ ಒಂದಷ್ಟು ಹರಿದೇ ಹರಿಯುತ್ತವೆ. ಎಲೆಗಳು ಮಾತ್ರ ಎಂದಿನಂತೆ ನೀರನ್ನು ಗಾಳಿಗೆ ಬಿಡುತ್ತಲೇ ಇರುತ್ತವೆ. ಹಾಗಾಗಿ ಗಿಡ ಜೋತುಬೀಳುತ್ತದೆ. ಕುಂಡದ ತುಂಬ ನೀರಿದೆ, ಕುಡಿಯಲು ಬಾಯಿಲ್ಲ.

ಈಗ ಅದರ ಮೇಲೆ ಇನ್ನೂ ಎರಡು ಚೊಂಬು ಸುರಿದರೆ ಏನಾಗುತ್ತದೆ? ಮಣ್ಣಿನ ಸಂದುಗಳಲ್ಲಿದ್ದ ಗಾಳಿ ಹೊರಗೆ ಹೋಗುತ್ತದೆ. ಬೇರಿಗೂ ಆಮ್ಲಜನಕ ಬೇಕು. ಉಳಿದಿದ್ದ ಬೇರೂ ಉಸಿರುಕಟ್ಟಿ, ಗಾಯವಾದ ಕಡೆಯಿಂದ ಕೊಳೆಯತೊಡಗುತ್ತದೆ. ಎಲೆ ಇನ್ನಷ್ಟು ಬಾಡುತ್ತದೆ, ನೀವು ಇನ್ನಷ್ಟು ನೀರು ಹಾಕುತ್ತೀರಿ. ನೀರು ಸಾಲದೆ ಬಾಡಿದ ಗಿಡ, ನೀರು ಜಾಸ್ತಿಯಾಗಿ ಬಾಡಿದ ಗಿಡ ಎರಡೂ ದೂರದಿಂದ ಒಂದೇ ಥರ ಕಾಣುತ್ತವೆ. ಎಲೆ ನೋಡಿ ತೀರ್ಮಾನ ಮಾಡಬೇಡಿ. ಬೆರಳನ್ನು ಮಣ್ಣಿನೊಳಗೆ 2 ಇಂಚು ಇಳಿಸಿ. ತೇವ ಹತ್ತಿತಾ, ಅವತ್ತು ನೀರು ಬೇಡ. ಮೇಲ್ಮಣ್ಣು ಒಣಗಿದೆ ಅನ್ನುವುದು ಲೆಕ್ಕಕ್ಕಿಲ್ಲ.

ಒಂದು ಮನೆಯಲ್ಲಿ ದಾಸವಾಳ ಸಾಯುತ್ತಿತ್ತು. ವಿಚಾರಿಸಿದರೆ ಬೆಳಿಗ್ಗೆ ಯಜಮಾನರು, ಮಧ್ಯಾಹ್ನ ಅವರ ಹೆಂಡತಿ, ಸಂಜೆ ಮೊಮ್ಮಗಳು, ಮೂವರೂ "ಪಾಪ, ಬಾಡಿದೆ ಅಲ್ವಾ" ಅಂತ ನೀರು ಹಾಕುತ್ತಿದ್ದರು. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಇಷ್ಟು ಪ್ರೀತಿ ಮಾಡುವವರನ್ನು ಬಯ್ಯುವುದಾದರೂ ಹೇಗೆ? ಬೆರಳಿಟ್ಟು ನೋಡುವ ಕೆಲಸವನ್ನು ಮೊಮ್ಮಗಳಿಗೆ ವಹಿಸಿ, ದೊಡ್ಡವರಿಬ್ಬರಿಗೂ ಚೊಂಬು ಮುಟ್ಟಬೇಡಿ ಅಂದೆ. ಅವಳಿಗೆ ಬಹಳ ಖುಷಿಯಾಯಿತು. ಅಜ್ಜನಿಗೆ ಅಷ್ಟಾಗಿ ಆಗಲಿಲ್ಲ.

ಹಾಗಾದರೆ ಏನು ಮಾಡಬೇಕು? ಎಲೆಯಿಂದ ಹೋಗುವ ನೀರನ್ನು ಕಡಿಮೆ ಮಾಡಬೇಕು. ಬೆಳಕಿದ್ದು ನೇರ ಬಿಸಿಲು ಬೀಳದ, ಜೋರು ಗಾಳಿ ಹೊಡೆಯದ ಜಾಗದಲ್ಲಿ ಒಂದೆರಡು ವಾರ ಇಡಿ. ಆಮೇಲೆ ನಿಧಾನವಾಗಿ ಬಿಸಿಲಿಗೆ ತನ್ನಿ. ಹೂವು, ಮೊಗ್ಗು ಇದ್ದರೆ ಚಿವುಟಿ ಹಾಕಿ. ಆದರೆ ಕತ್ತರಿ ಹಿಡಿದು ಅರ್ಧ ಗಿಡ ಸವರಬೇಡಿ, ಹೊಸ ಬೇರಿಗೆ ಬೇಕಾದ ಆಹಾರ ತಯಾರಾಗುವುದು ಆ ಎಲೆಗಳಲ್ಲೇ.

ಗೊಬ್ಬರದ ವಿಷಯ. ಶಕ್ತಿ ಬರಲಿ ಅಂತ ಒಂದು ಹಿಡಿ ರಾಸಾಯನಿಕ ಗೊಬ್ಬರ ಹಾಕಿದರೆ ಅದರ ಲವಣಗಳಿಂದ ಬೇರಿಗೆ ನೀರು ಹೀರುವುದು ಇನ್ನೂ ಕಷ್ಟವಾಗುತ್ತದೆ, ಗಾಯಗೊಂಡ ಬೇರು ಸುಡುತ್ತದೆ. ಹೊಸ ಚಿಗುರು ಗಟ್ಟಿಯಾಗುವವರೆಗೆ ಬೇಡ. ಶುರು ಮಾಡುವಾಗಲೂ ಅರ್ಧ ಪ್ರಮಾಣ ಸಾಕು. ಇನ್ನು, ಸಣ್ಣ ಗಿಡವನ್ನು ಒಮ್ಮೆಲೇ ದೊಡ್ಡ ಕುಂಡಕ್ಕೆ ಹಾಕುವವರೂ ಇದ್ದಾರೆ. ಬೇರು ತಲುಪದ ಮಣ್ಣು ಹಸಿಯಾಗಿಯೇ ಉಳಿಯುತ್ತದೆ. ಹಳೆಯದಕ್ಕಿಂತ 2 ಇಂಚು ಅಗಲ ಇದ್ದರೆ ಸಾಮಾನ್ಯವಾಗಿ ಸಾಕು.

ಚೇತರಿಕೆಗೆ ಎಷ್ಟು ದಿನ ಅಂತ ಖಚಿತವಾಗಿ ಹೇಳಲಾರೆ. ಗಿಡ, ಹವಾಮಾನ, ಎಷ್ಟು ಬೇರು ಹರಿದಿದೆ, ಎಲ್ಲ ಸೇರುತ್ತವೆ. ಕೆಲವು ವಾರ ಸುಮ್ನೆ ನಿಂತಿದ್ದು ಆಮೇಲೆ ಚಿಗುರುವುದುಂಟು. ಬೋಗನ್‌ವಿಲ್ಲಾ ಎಲೆಯನ್ನೆಲ್ಲ ಉದುರಿಸಿಯೂ ಮತ್ತೆ ಬರಬಹುದು. ಅನುಮಾನ ಬಂದರೆ ಉಗುರಿನಿಂದ ಕಾಂಡದ ಸಿಪ್ಪೆ ಚೂರು ಕೆರೆಯಿರಿ. ಒಳಗೆ ಹಸಿರಿದ್ದರೆ ಕಾಯಿರಿ. ಬೇರು ಬಂತಾ ಅಂತ ಎರಡು ದಿನಕ್ಕೊಮ್ಮೆ ಗಿಡ ಎಳೆದು ನೋಡಬೇಡಿ, ದಯವಿಟ್ಟು.